ಪ್ಯಾಡೆಲ್ ಆಟವೂ ಅದನ್ನು ಕಲಿಸುವವರೂ

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಗಾಜಿನ ಗೋಡೆಗಳೂ ತಂತಿಯ ಜಾಲರಿಗಳೂ ಉಳ್ಳ, ಇರುಳನ್ನು ವಿದ್ಯುದ್ದೀಪಗಳಿಂದ ಹಗಲು ಮಾಡಿಕೊಂಡ, ದೊಡ್ಡ ಪಂಜರಗಳಂಥ ಅಂಗಳಗಳು ಒಂದರ ಹಿಂದೊಂದು ಏಳುತ್ತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅವುಗಳೊಳಗೆ ನಾಲ್ವರು ನಿಂತು, ತಂತಿಯಿಲ್ಲದ, ತೂತು ಕೊರೆದ ಗಿಡ್ಡ ಬ್ಯಾಟುಗಳಿಂದ ಆಡುವ ಆಟಕ್ಕೆ ಪ್ಯಾಡೆಲ್ ಎಂದು ಹೆಸರು. ಇದೊಂದು ಹೊಸ ಷೋಕಿ, ಬಂದಂತೆಯೇ ಹೋಗುವುದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದಕ್ಕಾಗಿ ನಗರದ ನೆಲ ಹೋಗುತ್ತಿದೆ, ಹಣ ಹೂಡಲ್ಪಡುತ್ತಿದೆ, ಕಚೇರಿ ಬಿಟ್ಟ ತರುಣರು ಸಂಜೆಯಾದೊಡನೆ ಅಲ್ಲಿಗೆ ಧಾವಿಸುತ್ತಿದ್ದಾರೆ. ಇಂತಿರುವಲ್ಲಿ ಈ ಆಟವು ನಮಗೆ ಬೇಕೇ ಬೇಡವೇ ಎಂಬ ಚರ್ಚೆಗೆ ಕಾಲ ಮೀರಿತು. ಅದನ್ನು ನಮ್ಮವರಿಗೆ ಯಾರು ಕಲಿಸುವರು, ನಮ್ಮವರಲ್ಲಿ ಯಾರಿಗೆ ಕಲಿಸುವರು ಎಂಬುದೇ ಈಗ ವಿಚಾರಾರ್ಹವಾದ ಸಂಗತಿಯೆಂದು ನಮ್ಮ ಎಣಿಕೆ.

ಈ ಆಟದ ಹುಟ್ಟೇ ವಿನೋದಕರವಾದುದು. ೧೯೬೯ರಲ್ಲಿ ಮೆಕ್ಸಿಕೋ ದೇಶದ ಅಕಾಪುಲ್ಕೋ ಎಂಬ ಕಡಲತಡಿಯ ಪಟ್ಟಣದಲ್ಲಿ ಎನ್ರಿಕೆ ಕೊರ್ಕುಯೆರಾ ಎಂಬ ಧನಿಕನು, ಟೆನಿಸ್ ಅಂಗಳಕ್ಕೆ ಸಾಲುವಷ್ಟು ಸ್ಥಳ ತನ್ನ ಮನೆಯ ಬಳಿ ಇಲ್ಲದ್ದರಿಂದ, ಇದ್ದ ಸ್ಥಳಕ್ಕೇ ಗೋಡೆ ಎಬ್ಬಿಸಿ, ಗೋಡೆಗೆ ತಾಗಿ ಮರಳಿದ ಚೆಂಡನ್ನೂ ಆಡಬಹುದೆಂದು ಕಟ್ಟಳೆ ಮಾಡಿಕೊಂಡನು. ಕೊರತೆಯೇ ಆಟವಾಯಿತು. ೧೯೭೪ರಲ್ಲಿ ಆತನ ಮಿತ್ರನಾದ ಆಲ್ಫೋನ್ಸೋ ದೆ ಹೋಹೆನ್‌ಲೋಹೆ ಎಂಬ ರಾಜವಂಶೀಯನು ಇದನ್ನು ಸ್ಪೇನ್ ದೇಶದ ಮಾರ್ಬೆಯಾಕ್ಕೂ, ಮರುವರ್ಷ ಹೂಲಿಯೋ ಮೆಂಡಿಟೆಗಿ ಎಂಬಾತನು ಅರ್ಜೆಂಟೀನಕ್ಕೂ ಒಯ್ದರು. ೧೯೯೧ರಲ್ಲಿ ಅಂತರರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ೧೯೯೨ರಲ್ಲಿ ಮೊದಲನೆಯ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳು ಸ್ಪೇನಿನಲ್ಲಿ ನಡೆದುವು. ಅಂದಿನಿಂದ ಪುರುಷರದಾಗಲಿ ಸ್ತ್ರೀಯರದಾಗಲಿ ಆ ಪ್ರಶಸ್ತಿಯು ಸ್ಪೇನ್ ಅರ್ಜೆಂಟೀನಗಳೆರಡನ್ನು ಬಿಟ್ಟು ಮೂರನೆಯ ದೇಶಕ್ಕೆ ಹೋಗಿಲ್ಲ. ಹಣದಲ್ಲಿ ಇವೆರಡನ್ನೂ ಮೀರಿದ ದೇಶಗಳು ಎಷ್ಟೋ ಇವೆ. ೨೦೨೨ರಲ್ಲಿ ಪ್ರೀಮಿಯರ್ ಪ್ಯಾಡೆಲ್ ಎಂಬ ಪಂದ್ಯಮಾಲೆಯನ್ನು ಆ ಸಂಘದೊಡನೆ ಸೇರಿ ಎಬ್ಬಿಸಿದುದು ಕತಾರ್ ದೇಶದ ಹಣ. ಎದುರು ನಿಂತಿದ್ದ ಹಳೆಯ ಪಂದ್ಯಮಾಲೆಯನ್ನು ಕೊಂಡು, ೨೦೨೪ರಿಂದ ಎರಡನ್ನೂ ಒಂದು ಮಾಡಿದುದೂ ಅದೇ ಹಣ. ಆದರೂ ಆ ಪಂದ್ಯಗಳ ಶಿಖರದಲ್ಲಿ ನಿಂತವರು ಸ್ಪೇನಿನ ವಾಯಾದೋಲಿದ್ ಊರಿನ ಆರ್ತುರೋ ಕೋಯೆಯೋ, ಅರ್ಜೆಂಟೀನದ ಕಾತಮಾರ್ಕಾ ಪ್ರಾಂತದ ಅಗುಸ್ತಿನ್ ತಾಪಿಯಾ ಮೊದಲಾದವರೇ. ಪಂದ್ಯಗಳನ್ನು ಕೊಳ್ಳಬಲ್ಲ ಹಣವು ಆಟಗಾರರನ್ನು ಬೆಳೆಸಲಾರದೆ ಹೋದುದೇಕೆ?

ಇದನ್ನು ತಿಳಿಯಬೇಕಾದರೆ ಆಟದ ಮರ್ಮವನ್ನು ಸ್ವಲ್ಪ ನೋಡಬೇಕು. ಅಂಗಳವು ೨೦ ಮೀಟರು ಉದ್ದ, ೧೦ ಮೀಟರು ಅಗಲ. ಬಲೆಯು ನಡುವೆ ೮೮ ಸೆಂಟಿಮೀಟರು ಎತ್ತರ. ಹಿಂದಿನ ಗೋಡೆ ಮೂರು ಮೀಟರು, ಅದರ ಮೇಲೆ ಒಂದು ಮೀಟರು ಜಾಲರಿ. ಎಣಿಕೆಯೆಲ್ಲ ಟೆನಿಸ್ಸಿನಂತೆಯೇ. ಆದರೆ ಸರ್ವೀಸನ್ನು ಚೆಂಡು ಪುಟಿಸಿ ಸೊಂಟದ ಮಟ್ಟಕ್ಕೆ ಮೀರದಂತೆ ಕೆಳಗೈಯಿಂದ ಕಳುಹಿಸಬೇಕು. ಆದಕಾರಣ ಮೊದಲ ಹೊಡೆತದಲ್ಲೇ ಎದುರಾಳಿಯನ್ನು ಮುಗಿಸಿಬಿಡುವ ಟೆನಿಸ್ಸಿನ ಪೌರುಷಕ್ಕೆ ಇಲ್ಲಿ ಅವಕಾಶವಿಲ್ಲ. ನೆಲಕ್ಕೆ ಬಿದ್ದು ಗಾಜಿಗೆ ತಾಗಿದ ಚೆಂಡು ಇನ್ನೂ ಜೀವಂತವಾಗಿರುತ್ತದೆ. ಹೊಸಬನು, ಅದರಲ್ಲೂ ಟೆನಿಸ್ ಬಲ್ಲ ಹೊಸಬನು, ಚೆಂಡು ತನ್ನನ್ನು ದಾಟೀತೆಂಬ ಭಯದಿಂದ ಮುಂದೆ ನುಗ್ಗಿ ಹೊಡೆದು ಕೆಡುತ್ತಾನೆ. ಬಲ್ಲವನು ಚೆಂಡನ್ನು ದಾಟಗೊಟ್ಟು, ಅದರೊಡನೆ ತಾನೂ ತಿರುಗಿ, ಗಾಜಿನಿಂದ ಅದು ವೇಗ ಕಳೆದುಕೊಂಡು ಹಿಂದಿರುಗುವವರೆಗೆ ಕಾದು, ಕೆಳಗಿನಿಂದ ಮೇಲಕ್ಕೆ ಮೃದುವಾಗಿ ಎತ್ತುತ್ತಾನೆ. ಈ ಕಾಯುವಿಕೆಯನ್ನು ಕಲಿಯಲು ತಿಂಗಳುಗಳೇ ಬೇಕು. ಹೊಡೆಯುವುದನ್ನು ಒಂದು ವಾರದಲ್ಲಿ ಕಲಿಸಬಹುದು, ಹೊಡೆಯದಿರುವುದನ್ನು ಕಲಿಸುವುದೇ ಕಷ್ಟ ಎಂದು ಬಲ್ಲವರು ನಮಗೆ ಹೇಳಿದರು. ಪಾಠಶಾಲೆಯಲ್ಲಿ ಸಂತೆ ಹೇಳಿಸಿಕೊಂಡು ಬೆಳೆದ ನಮ್ಮಂಥವರಿಗೆ ಈ ಮಾತು ಒಡನೆಯೇ ಅರ್ಥವಾಗುತ್ತದೆ. ಗುರುಗಳು ಹೇಳಿ ಮುಗಿಸುವ ಮುನ್ನ ಬಾಯಿ ಹಾಕಿದವನಿಗೆ ಸ್ವರ ನಿಲ್ಲುತ್ತಿರಲಿಲ್ಲ.

ಇನ್ನೊಂದು ಸಂಗತಿ: ಇದು ಜೋಡಿಯ ಆಟ. ಒಬ್ಬನು ಬಲೆಯ ಬಳಿಗೆ ಹೋದರೆ ಮತ್ತೊಬ್ಬನೂ ಹೋಗಬೇಕು. ಒಬ್ಬನು ಎಡಕ್ಕೆ ಎಳೆಯಲ್ಪಟ್ಟರೆ ಮತ್ತೊಬ್ಬನು, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ ಬಿಗಿದಂತೆ, ಅತ್ತ ಸರಿಯಬೇಕು. ಬಲೆಯ ಬಳಿಯನ್ನು ಹಿಡಿದ ಜೋಡಿಗೆ ಮೇಲುಗೈ; ಹಿಂದೆ ಬಿದ್ದ ಜೋಡಿಯು ಚೆಂಡನ್ನು ಎದುರಾಳಿಗಳ ತಲೆಯ ಮೇಲೆ ಎತ್ತಿ ಹಾಯಿಸಿ ಅವರನ್ನು ಹಿಮ್ಮೆಟ್ಟಿಸಬೇಕು. ಫೆರ್ನಾಂಡೋ ಬೆಲಾಸ್ತೆಗಿನ್ ಎಂಬ ಅರ್ಜೆಂಟೀನದ ವೀರನು ೨೦೦೨ರಿಂದ ಹದಿನಾರು ವರ್ಷ ಜಗತ್ತಿನ ಮೊದಲನೆಯ ಸ್ಥಾನದಲ್ಲಿದ್ದನು. ಅವುಗಳಲ್ಲಿ ಬಹುಪಾಲು ವರ್ಷಗಳನ್ನು ಹುವಾನ್ ಮಾರ್ತಿನ್ ದಿಯಾಸ್ ಎಂಬ ಒಬ್ಬನೇ ಜೊತೆಗಾರನೊಡನೆ ಕಳೆದನು. ಜೋಡಿಯ ಆಟದಲ್ಲಿ ಬುದ್ಧಿಯು ತೋಳಿಗಿಂತ ಹೆಚ್ಚು ಕಾಲ ಬಾಳುತ್ತದೆಂಬುದನ್ನು ನಾವು ದೂರ ಹೋಗಿ ತಿಳಿಯಬೇಕಾಗಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣನವರು ೨೦೨೪ರ ಆರಂಭದಲ್ಲಿ ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯದ ಟೆನಿಸ್ ಡಬಲ್ಸ್ ಪ್ರಶಸ್ತಿಯನ್ನು ಗೆದ್ದು, ಡಬಲ್ಸ್‌ನಲ್ಲಿ ಜಗತ್ತಿನ ಅಗ್ರಸ್ಥಾನವನ್ನೇರಿದ ಅತಿ ಹಿರಿಯರೆನಿಸಿಕೊಂಡರು.

ಇಂಥ ವಿದ್ಯೆಯನ್ನು ಕಲಿಸುವ ಬಗೆ ಹೇಗೆ? ಸ್ಪೇನ್ ಅರ್ಜೆಂಟೀನಗಳಲ್ಲಿ ಶಿಕ್ಷಕನು ಬುಟ್ಟಿಯ ತುಂಬ ಚೆಂಡುಗಳನ್ನಿಟ್ಟುಕೊಂಡು ಬಲೆಯ ಬಳಿ ನಿಂತು, ನಾಲ್ವರಿಗಿಂತ ಹೆಚ್ಚಿಲ್ಲದ ಶಿಷ್ಯರಿಗೆ ಒಂದೊಂದಾಗಿ ಎಸೆಯುತ್ತಾನೆ. ಮೊದಲು ಗೋಡೆಯಿಲ್ಲದ ಹೊಡೆತ. ಅನಂತರ ಹಿಂದಿನ ಗಾಜು. ಅದರ ಮೇಲೆ ಪಕ್ಕದ ಗಾಜು. ಕಟ್ಟಕಡೆಗೆ ಎರಡೂ ಕೂಡುವ ಮೂಲೆ, ಅಲ್ಲಿ ಚೆಂಡು ಹೇಗೆ ತಿರುಗುವುದೆಂಬುದು ನೂರಾರು ಸಲ ಕಂಡ ಹೊರತು ಕಣ್ಣಿಗೆ ಹತ್ತುವುದಿಲ್ಲ. ಹೊಸಬನ ಕೈಗೆ ಗುಂಡಾದ ತಲೆಯ ಹಗುರ ಬ್ಯಾಟನ್ನು ಕೊಡುತ್ತಾರೆ, ಏಕೆಂದರೆ ಅದರ ನಡುಭಾಗದಲ್ಲಿ ತಪ್ಪನ್ನು ಕ್ಷಮಿಸುವ ಜಾಗ ಹೆಚ್ಚು. ವಜ್ರದ ಆಕಾರದ, ತಲೆ ಭಾರದ ಬ್ಯಾಟು ನುರಿತವನಿಗೆ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ವ್ಯತಿರಿಕ್ತ. ಅಂಗಡಿಯಲ್ಲಿ ಬೆಲೆ ಹೆಚ್ಚಿನದೇ ಒಳ್ಳೆಯದೆಂದು ವಜ್ರಾಕಾರದ ಬ್ಯಾಟನ್ನು ಕೊಂಡು, ಎರಡನೆಯ ವಾರದಲ್ಲಿ ಮೊಣಕೈ ನೋವಿನಿಂದ ವೈದ್ಯರ ಬಳಿಗೆ ಹೋಗುವ ತರುಣರು ವಿರಳರಲ್ಲ. ಬ್ಯಾಟಿನ ಹಿಡಿಯಲ್ಲಿರುವ ದಾರವನ್ನು ಮಣಿಕಟ್ಟಿಗೆ ತೊಡಿಸಿಕೊಳ್ಳಲೇಬೇಕೆಂಬುದು ನಿಯಮ. ನಾಲ್ವರು ಇಕ್ಕಟ್ಟಾಗಿ ನಿಂತ ಪಂಜರದಲ್ಲಿ ಬ್ಯಾಟು ಕೈಜಾರಿದರೆ ಜೊತೆಗಾರನ ಮುಖಕ್ಕೇ ಬಡಿದೀತು. ಅಷ್ಟನ್ನೂ ಹೇಳಿಕೊಡದ ಅಂಗಳಗಳು ಇವೆ.

ಈಚೆಗೆ ಒಂದು ಸಂಜೆ ಇಂಥ ಒಂದು ಅಂಗಳದ ಹೊರಗೆ ನಾವು ಸುಮಾರು ಒಂದು ಘಂಟೆ ನಿಂತು ನೋಡಿದೆವು. ಕಲಿಸುತ್ತಿದ್ದವರು ಹಿಂದೆ ಟೆನಿಸ್ ಕಲಿಸುತ್ತಿದ್ದ ಯುವಕರು. ಕೆಲವೇ ದಿನಗಳ ಶಿಬಿರವೊಂದರಲ್ಲಿ ಯೋಗ್ಯತಾಪತ್ರ ಪಡೆದರಂತೆ. ಶ್ರದ್ಧೆಗೆ ಕೊರತೆಯಿರಲಿಲ್ಲ. ಆದರೆ ಅವರು ಕಲಿಸಿದುದೆಲ್ಲ ಟೆನಿಸ್ಸೇ. ಗಾಜಿನಿಂದ ಮರಳಿದ ಚೆಂಡು ಬಂದಾಗಲೆಲ್ಲ ಗುರುಶಿಷ್ಯರಿಬ್ಬರೂ ಸಮನಾಗಿ ತಡವರಿಸಿದರು. ನಮ್ಮ ಗಮನವನ್ನು ಸೆಳೆದವನು ಬೇರೊಬ್ಬ. ಚೆಂಡು ಹೆಕ್ಕಿ ಬುಟ್ಟಿಗೆ ಹಾಕಿ, ಗಾಜು ಒರೆಸುತ್ತಿದ್ದ ಹದಿನೈದು ಹದಿನಾರರ ಹುಡುಗ, ರಾಯಚೂರಿನ ಕಡೆಯವನು. ಹೆಕ್ಕಿದ ಚೆಂಡನ್ನು ಅವನು ಗೋಡೆಗೆ ತಾಗಿಸಿ ಬುಟ್ಟಿಗೆ ಬೀಳಿಸುತ್ತಿದ್ದ ರೀತಿಯನ್ನು ನೋಡಿ, ‘ಏನಪ್ಪ, ನಿನಗೂ ಆಟ ಬರುತ್ತದೆಯೇ?’ ಎಂದು ಕೇಳಿದೆವು. ‘ಬರ್ತೈತ್ರೀ. ಲೈಟ್ ಆರಸೂಕಿಂತ ಮೊದ್ಲ ಹತ್ತು ಮಿನಿಟ್ ನಾವ ನಾವ ಆಡ್ತೀವ್ರೀ. ಸಾಹೇಬ್ರು ನೋಡಿದ್ರ ಬೈತಾರ್ರೀ’ ಎಂದನು. ಆ ಅಂಗಳದ ಬಾಡಿಗೆ ಘಂಟೆಗೆ ಸಾವಿರ ರೂಪಾಯಿಗೂ ಮೇಲೆ. ಶಿಕ್ಷಕರ ದಕ್ಷಿಣೆ ಬೇರೆ.

ಆ ಹುಡುಗನನ್ನು ಕಂಡು ನಮಗೆ ನೆನಪಾದವನು ಮಾನುಯೆಲ್ ಸಾಂತಾನಾ. ಅಂತರ್ಯುದ್ಧದ ತರುವಾಯದ ಬಡತನದ ದಿನಗಳಲ್ಲಿ ಮ್ಯಾಡ್ರಿಡ್ ನಗರದ ಒಂದು ಟೆನಿಸ್ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುವ ಹುಡುಗನಾಗಿ ಸೇರಿದ ಈತನು, ಪ್ಯಾರಿಸ್ಸಿನ ಪ್ರಶಸ್ತಿಯನ್ನು ೧೯೬೧ರಲ್ಲೂ ೧೯೬೪ರಲ್ಲೂ, ವಿಂಬಲ್ಡನ್ ಪ್ರಶಸ್ತಿಯನ್ನು ೧೯೬೬ರಲ್ಲೂ ಗೆದ್ದನು. ಟೆನಿಸ್ಸು ಸಾಹುಕಾರರ ಬೇಲಿಯೊಳಗಿನ ಆಟವಾಗಿದ್ದ ಸ್ಪೇನಿನಲ್ಲಿ ಜನಸಾಮಾನ್ಯರು ಅದರತ್ತ ಕಣ್ಣು ಹಾಯಿಸಿದುದು ಇವನಿಂದ. ಇದೇ ಸಾಂತಾನಾ ಮುಂದೆ ಪ್ಯಾಡೆಲ್ ಆಟವನ್ನು ಕೈಗೆತ್ತಿಕೊಂಡು ದಕ್ಷಿಣ ಸ್ಪೇನಿನ ಕಡಲತೀರದಲ್ಲಿ ಪಂದ್ಯಗಳನ್ನು ಏರ್ಪಡಿಸಿ ಅದನ್ನು ಪ್ರಚಾರಕ್ಕೆ ತಂದನು. ರಾಜವಂಶೀಯನು ತಂದ ಆಟವನ್ನು ಊರೂರಿಗೆ ಒಯ್ಯುವುದಕ್ಕೆ ಚೆಂಡು ಹೆಕ್ಕಿದವನ ಕೈ ಬೇಕಾಯಿತು. ಅನಂತರ ಅಲ್ಲಿನ ಪುರಸಭೆಗಳು ತಮ್ಮ ಸಾರ್ವಜನಿಕ ಕ್ರೀಡಾಂಗಣಗಳಲ್ಲಿ ಈ ಅಂಗಳಗಳನ್ನು ಕಟ್ಟಿಸಿ ಅಲ್ಪ ಬಾಡಿಗೆಗೆ ಬಿಟ್ಟವು; ವಠಾರಗಳವರೂ ತಮ್ಮ ತಮ್ಮ ಹಿತ್ತಿಲುಗಳಲ್ಲಿ ಕಟ್ಟಿಕೊಂಡರು. ೧೯೯೦ರ ದಶಕದಲ್ಲಿ ಪ್ರಧಾನಮಂತ್ರಿಯಾಗಿದ್ದ ಅಸ್ನಾರ್ ಈ ಆಟವಾಡುವುದನ್ನು ಪತ್ರಿಕೆಗಳು ಬರೆದು ಮತ್ತಷ್ಟು ಕುತೂಹಲ ಹುಟ್ಟಿಸಿದುವು. ಇಷ್ಟಾದ ಮೇಲೆ ಆ ದೇಶದಲ್ಲಿ ಆಟಗಾರರು ಹುಟ್ಟದಿದ್ದರೆ ಆಶ್ಚರ್ಯವಾಗಬೇಕಾಗಿತ್ತು.

ಅರ್ಜೆಂಟೀನದ ಕಥೆ ಇನ್ನೂ ಬೋಧಪ್ರದ. ಅಲ್ಲಿ ೧೯೮೦ರ ದಶಕದ ಕೊನೆಯಿಂದ ಈ ಆಟದ ಹುಚ್ಚು ಹಿಡಿಯಿತು. ಸಿಮೆಂಟಿನ ಗೋಡೆಗಳ ಅಂಗಳಗಳು ಸಾವಿರಗಟ್ಟಲೆ ಎದ್ದುವು. ಸಾಲ ಮಾಡಿ ಕಟ್ಟಿಸಿದವರೂ ಇದ್ದರು. ೧೯೯೦ರ ದಶಕ ಮುಗಿಯುವಷ್ಟರಲ್ಲಿ ಹುಚ್ಚು ಇಳಿಯಿತು. ಅಂಗಳಗಳು ಮುಚ್ಚಿದುವು, ಎಷ್ಟೋ ಕಡೆ ಗೋಡೆಗಳನ್ನು ಕೆಡವಿದರು. ೨೦೦೧ರಲ್ಲಿ ದೇಶದ ಹಣಕಾಸೇ ಕುಸಿಯಿತು. ಆದರೆ ಹುಚ್ಚಿನ ಕಾಲದಲ್ಲಿ ಊರೂರಿನಲ್ಲಿ ಹುಟ್ಟಿದ್ದ ಶಿಕ್ಷಕರು ಕುಸಿಯಲಿಲ್ಲ. ಬೆಲಾಸ್ತೆಗಿನ್ ಬಂದುದು ಪೆವಾಹೋ ಎಂಬ ಒಂದು ಸಣ್ಣ ಊರಿನಿಂದ. ಹೊಟ್ಟೆಪಾಡಿಗಾಗಿ ಕಡಲು ದಾಟಿ ಸ್ಪೇನಿಗೆ ಹೋದ ಅರ್ಜೆಂಟೀನದ ಆಟಗಾರರೂ ಶಿಕ್ಷಕರೂ ಅಲ್ಲಿನ ಆಟವನ್ನು ಎತ್ತರಕ್ಕೆ ಏರಿಸಿದರು. ಇಂದು ಯೂರೋಪಿನಲ್ಲಾಗಲಿ ಅರಬರ ನಾಡಿನಲ್ಲಾಗಲಿ ಹೊಸ ಅಂಗಳವೆದ್ದಲ್ಲಿ ಕಲಿಸಲು ನಿಂತವನು ಅನೇಕ ವೇಳೆ ಸ್ಪ್ಯಾನಿಷ್ ಮಾತನಾಡುವವನೇ.

ಸ್ವೀಡನ್ ದೇಶದಲ್ಲಿ ನಡೆದುದು ಬೇರೆ ತೆರನಾದುದು. ೨೦೨೦ರ ಮಹಾಮಾರಿಯ ಕಾಲದಲ್ಲಿ ಅಲ್ಲಿ ಇತರ ದೇಶಗಳಂತೆ ಬಾಗಿಲು ಮುಚ್ಚಿಸಲಿಲ್ಲವಾಗಿ, ಸಾಲದ ಬಡ್ಡಿಯೂ ಕಡಮೆಯಿದ್ದುದರಿಂದ, ಪ್ಯಾಡೆಲ್ ಮಂದಿರಗಳು ಮಳೆಗಾಲದ ಅಣಬೆಗಳಂತೆ ಎದ್ದುವು. ಇಬ್ರಾಹಿಮೊವಿಚ್‌ನಂಥ ಫುಟ್‌ಬಾಲ್ ವೀರನೂ ಹಣ ಹೂಡಿದನು. ಎರಡೇ ವರ್ಷಗಳಲ್ಲಿ ಆಡುವವರಿಗಿಂತ ಅಂಗಳಗಳು ಹೆಚ್ಚಾದುವು. ಮಹಾಮಾರಿ ತಗ್ಗಿತು, ವಿದ್ಯುತ್ತಿನ ಬೆಲೆ ಏರಿತು, ಬಡ್ಡಿ ಏರಿತು. ೨೦೨೨ ಮತ್ತು ೨೦೨೩ರಲ್ಲಿ ಕಂಪನಿಗಳು ಒಂದರ ಮೇಲೊಂದು ದಿವಾಳಿ ತೆಗೆದುವು. ಆಟವು ಅಲ್ಲಿ ಅಳಿಯಲಿಲ್ಲ, ಈಗಲೂ ಆಡುವವರು ಬಹಳ ಮಂದಿ ಇದ್ದಾರೆ. ಹೂಡಿದವರ ಹಣ ಮಾತ್ರ ಗಾಜು ಉಕ್ಕುಗಳಾಗಿ ನಿಂತಿತು. ಬೆಂಗಳೂರು ಮುಂಬಯಿಗಳಲ್ಲಿ ಒಂದೊಂದು ಅಂಗಳಕ್ಕೆ ಹತ್ತಾರು ಲಕ್ಷ ಸುರಿಯುತ್ತಿರುವ ನಮ್ಮ ಬಂಡವಳಿಗರು ಈ ಎರಡು ಚರಿತ್ರೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿಕೊಳ್ಳುವುದು ಕ್ಷೇಮಕರ. ಅಂದಹಾಗೆ, ಚೆಂಡು ಗಾಜಿಗೂ ಬ್ಯಾಟಿಗೂ ಬಡಿಯುವ ಸದ್ದಿನಿಂದ ನಿದ್ರೆಗೆಟ್ಟ ನೆರೆಹೊರೆಯವರು ಸ್ಪೇನ್ ಹಾಲೆಂಡುಗಳಲ್ಲಿ ನ್ಯಾಯಸ್ಥಾನದ ಮೆಟ್ಟಿಲೇರಿದ್ದಾರೆ. ಮನೆಗಳ ಮಗ್ಗುಲಲ್ಲೇ ಅನುಮತಿ ಕೊಡುವ ನಮ್ಮ ಅಧಿಕಾರಿಗಳು ಇದನ್ನೂ ಮರೆಯದಿರಲಿ.

ಕಲಿಸುವವನ ಯೋಗ್ಯತೆಯ ವಿಷಯದಲ್ಲಿ ಫ್ರಾನ್ಸಿನವರ ಕ್ರಮವು ಗಮನಾರ್ಹವಾದುದು. ಅಲ್ಲಿ ಹಣ ಪಡೆದು ಯಾವ ಆಟವನ್ನು ಕಲಿಸಬೇಕಾದರೂ ಸರಕಾರ ಮಾನ್ಯಮಾಡಿದ ಡಿಪ್ಲೊಮ ಇರಲೇಬೇಕೆಂದು ಕಾನೂನೇ ಇದೆ. ೨೦೧೪ರಿಂದ ಪ್ಯಾಡೆಲ್ ಆಟದ ಹೊಣೆಯನ್ನು ಅಲ್ಲಿನ ಟೆನಿಸ್ ಸಂಘಕ್ಕೆ ಒಪ್ಪಿಸಿದ್ದಾರೆ. ಬ್ರಿಟನ್ನಿನಲ್ಲೂ ಟೆನಿಸ್ ಸಂಘವೇ ಈ ಹೊಣೆಯನ್ನು ಹೊತ್ತು ಶಿಕ್ಷಕರಿಗೆ ಮೆಟ್ಟಿಲು ಮೆಟ್ಟಿಲಾಗಿ ತರಬೇತಿ ಕೊಡುತ್ತಿದೆ. ನಮ್ಮ ದೇಶದಲ್ಲಿ ೧೯೬೧ರಲ್ಲೇ ಪಟಿಯಾಲದಲ್ಲಿ ಕ್ರೀಡಾ ಶಿಕ್ಷಕರನ್ನು ತಯಾರಿಸುವ ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾದುದನ್ನು ನೆನೆದರೆ ನಾವು ಈ ವಿಚಾರದಲ್ಲಿ ಹಿಂದುಳಿಯಬೇಕಾದ ಕಾರಣ ಕಾಣದು. ಆದರೂ ಫ್ರಾನ್ಸಿನ ಕಾನೂನನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾವು ಹೇಳಲಾರೆವು. ತಂದೊಡನೆ ಯೋಗ್ಯತಾಪತ್ರಗಳ ಅಂಗಡಿಗಳು ಏಳುವುವೆಂಬುದನ್ನು ಅನುಭವದಿಂದ ಬಲ್ಲೆವು. ನಮ್ಮ ಕ್ಲಬ್ಬುಗಳಲ್ಲಿ ಮಾರ್ಕರುಗಳೆಂಬ ಒಂದು ವರ್ಗವಿದೆ. ಚೆಂಡು ಹೆಕ್ಕುತ್ತಾ ಟೆನಿಸ್ ಕಲಿತು, ಮೆಂಬರುಗಳೊಡನೆ ಆಡಿ ಅವರಿಗೆ ಕಲಿಸಿ, ಮುಪ್ಪಾದ ಮೇಲೆ ಬರಿಗೈಯಲ್ಲಿ ಮನೆಗೆ ಹೋದವರು ಅವರು. ಅವರ ಹತ್ತಿರ ಯಾವ ಪತ್ರವೂ ಇರಲಿಲ್ಲ, ಕಣ್ಣಿತ್ತು. ನಾಲ್ಕು ಹೊಡೆತ ನೋಡಿ ನಿನ್ನ ಕಾಲು ತಪ್ಪಿದೆಯೆಂದು ಹೇಳಬಲ್ಲವರಾಗಿದ್ದರು. ಪ್ಯಾಡೆಲ್ ಕಲಿಸುವವರನ್ನು ತಯಾರು ಮಾಡುವ ಶಿಬಿರಗಳಿಗೆ ಮೊದಲು ಕರೆಯಬೇಕಾದವರು ಈ ವರ್ಗದವರೂ, ನಾವು ಮೇಲೆ ಹೇಳಿದ ಹುಡುಗನಂಥವರೂ. ಇಂಗ್ಲಿಷ್ ಬಾರದೆಂಬ ಒಂದೇ ಕಾರಣದಿಂದ ಅವರನ್ನು ಹೊರಗಿಡುತ್ತಿರುವುದು ಅನ್ಯಾಯ, ಅವಿವೇಕವೂ ಹೌದು.

ಭಾಷೆಯ ಮಾತು ಬಂದುದರಿಂದ ಹೇಳುತ್ತೇವೆ. ಸ್ಪೇನಿನವರು ಈ ಆಟದ ಹೊಡೆತಗಳಿಗೆ ಇಟ್ಟ ಹೆಸರುಗಳು ಅಡಿಗೆಮನೆಯಿಂದಲೂ ಹೊಲದಿಂದಲೂ ಬಂದವು. ತಲೆಯ ಮೇಲಿನ ಚೆಂಡನ್ನು ರಭಸವಿಲ್ಲದೆ ಕೊಯ್ದು ಕಳುಹಿಸುವ ಹೊಡೆತಕ್ಕೆ ‘ಬಂದೇಹಾ’, ಎಂದರೆ ಹರಿವಾಣ. ಪರಿಚಾರಕನು ಭುಜದೆತ್ತರದಲ್ಲಿ ಹರಿವಾಣ ಹಿಡಿದಂತೆ ಕೈ ಇರಬೇಕೆಂದು ಭಾವ. ಅದನ್ನೇ ಪಕ್ಕಕ್ಕೆ ತಿರುಚಿ ಬುಸುಗುಟ್ಟುವಂತೆ ಹೊಡೆದರೆ ‘ವೀಬೊರಾ’, ವಿಷದ ಹಾವು. ತಲೆ ಮೇಲೆ ತೇಲಿಸಿದ ಚೆಂಡು ‘ಗ್ಲೋಬೋ’, ಬುಗ್ಗೆ. ಕಾಲ ಬಳಿ ಮೆತ್ತಗೆ ಬೀಳಿಸಿದುದು ‘ಚಿಕೀತಾ’, ಪುಟ್ಟಿ. ಹರಿವಾಣವೆಂದರೆ ನಮ್ಮ ಹುಡುಗನ ಕೈ ತಾನೇ ಸರಿಯಾದ ಎತ್ತರಕ್ಕೆ ಹೋಗುತ್ತದೆ. ಬಂದೇಹಾ ಎಂದರೆ ಅವನು ಮುಖ ನೋಡುತ್ತಾನೆ. ಗರಡಿಮನೆಯ ಉಸ್ತಾದರು ಪಟ್ಟುಗಳಿಗೆ ಜನರ ಬಾಯಿಗೆ ಬರುವ ಹೆಸರುಗಳನ್ನಿಟ್ಟು ತಲೆಮಾರುಗಳವರೆಗೆ ಕಲಿಸಲಿಲ್ಲವೇ? ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಎಂದು ಗಾದೆ. ಬುತ್ತಿಯೂ ಮಾತೂ ಪರದೇಶದವಾದರೆ ಅಷ್ಟು ದಿನವೂ ಇಲ್ಲ.

ಕಬಡ್ಡಿ, ಖೋಖೋ, ಬಾಲ್ ಬ್ಯಾಡ್ಮಿಂಟನ್‌ಗಳಿಗೇ ಬಯಲಿಲ್ಲದ ಈ ನಗರದಲ್ಲಿ ಸಿರಿವಂತರ ಗಾಜಿನ ಪಂಜರಕ್ಕಾಗಿ ಇಷ್ಟು ಶಾಯಿ ಏಕೆಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆ. ದೇಶೀಯ ಆಟಗಳ ಪಾಡನ್ನು ಕುರಿತು ನಾವು ಬರೆದದ್ದು ಕಡಮೆಯಿಲ್ಲ, ಮುಂದೆಯೂ ಬರೆಯುವೆವು. ಪ್ಯಾಡೆಲ್ ಇನ್ನೂ ಒಲಿಂಪಿಕ್ ಆಟವೂ ಅಲ್ಲ. ೨೦೨೮ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಬ್ಯಾಡ್ಮಿಂಟನ್ ಆಟವನ್ನೂ ಒಂದು ಕಾಲದಲ್ಲಿ ಹೀಗೆಯೇ ತಳ್ಳಿಹಾಕುತ್ತಿದ್ದರು. ಪ್ರಕಾಶ್ ಪಡುಕೋಣೆಯವರು ಮಲ್ಲೇಶ್ವರದ ಒಂದು ಕಲ್ಯಾಣಮಂಟಪದಲ್ಲಿ, ಮದುವೆಗಳಿಲ್ಲದ ದಿನ ನೋಡಿಕೊಂಡು, ಆಡಿ ಕಲಿತು ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ತಂದರು. ಅವರು ಅಷ್ಟಕ್ಕೇ ನಿಲ್ಲದೆ ೧೯೯೪ರಲ್ಲಿ ಬೆಂಗಳೂರಿನಲ್ಲಿ ಕಲಿಸುವ ಶಾಲೆಯನ್ನೇ ತೆರೆದರು. ಅದರ ಫಲವಾಗಿ ಹಿಮಾಲಯದ ಮಡಿಲಿನ ಅಲ್ಮೋರದಿಂದ ಲಕ್ಷ್ಯ ಸೇನ್ ಎಂಬ ಬಾಲಕನು ಇಲ್ಲಿಗೆ ಕಲಿಯಲು ಬಂದನು. ಕಲಿಸುವವರಿದ್ದಲ್ಲಿಗೆ ಕಲಿಯುವವರು ಬರುತ್ತಾರೆ.

ಸರಕಾರದವರು ಈ ಆಟಕ್ಕಾಗಿ ಬೊಕ್ಕಸದಿಂದ ಹಣ ಕೊಡಬೇಕೆಂದು ನಾವು ಕೇಳುವುದಿಲ್ಲ. ನಗರಪಾಲಿಕೆಗಳಾಗಲಿ ಇತರ ಸಾರ್ವಜನಿಕ ಸಂಸ್ಥೆಗಳಾಗಲಿ ತಮ್ಮ ನೆಲವನ್ನು ಇಂಥ ಅಂಗಳಗಳಿಗೆ ಗುತ್ತಿಗೆ ಕೊಡುವಾಗ, ಕರಾರಿನಲ್ಲಿ ಎರಡು ಷರತ್ತುಗಳನ್ನು ಬರೆಸಿದರೆ ಸಾಕು. ಪ್ರತಿ ಅಂಗಳವೂ ಅಲ್ಲಿಯೇ ಕೆಲಸ ಮಾಡುವ ಒಬ್ಬ ತರುಣನನ್ನಾದರೂ ಶಿಕ್ಷಕನಾಗಿ ತಯಾರು ಮಾಡಬೇಕು, ಅದರ ವೆಚ್ಚವನ್ನು ಗುತ್ತಿಗೆದಾರನೇ ಹೊರಬೇಕು. ವಾರದ ಕೆಲಸದ ದಿನಗಳಲ್ಲಿ ಸುತ್ತಲಿನ ಸರಕಾರಿ ಶಾಲೆಗಳ ಮಕ್ಕಳಿಗೆ ದಿನಕ್ಕೆ ಒಂದು ಘಂಟೆ ಬಾಡಿಗೆಯಿಲ್ಲದೆ ಬಿಡಬೇಕು. ಇದರಿಂದ ಗುತ್ತಿಗೆದಾರನಿಗೆ ಆಗುವ ನಷ್ಟವಾದರೂ ಏನು? ನಾವು ಆ ಅಂಗಳದ ಬಳಿಗೆ ಮತ್ತೆರಡು ಸಲ ಮಧ್ಯಾಹ್ನದ ಮೇಲೆ ಹೋಗಿ ನೋಡಿದೆವು. ಶಾಲೆ ಬಿಡುವ ನಾಲ್ಕು ಘಂಟೆಯಿಂದ ಕಚೇರಿಯವರು ಬರುವ ಆರು ಘಂಟೆಯವರೆಗೆ ನಾಲ್ಕು ಅಂಗಳಗಳಲ್ಲಿ ಮೂರು ಖಾಲಿಯಾಗಿದ್ದುವು. ಹುಡುಗನು ನೆರಳಿನಲ್ಲಿ ಕುಳಿತು ಚೆಂಡುಗಳನ್ನು ಎಣಿಸುತ್ತಿದ್ದನು.